ಏಳು ದಿನ ಮುಟ್ಟಬಾರದ ಗಾಡಿ

"ನಾಕ್ ಲಗಾ ಇಧರ್! ದಿಖತಾ ಹೈ ಕ್ಯಾ ತೇರೇಕೋ, ಅಂಧಿ ಸಾಲಿ?"

ಮೂಗು ಹಚ್ಚಿ ನೋಡು, ಕಾಣುತ್ತಾ ಕುರುಡಿ ಎಂದು ಹಿಂದಿಯಲ್ಲಿ ಅರಚುತ್ತಾ ರಿತೇಶ್ ಮಾನಮ್ಮನ ಕುತ್ತಿಗೆಯ ಹಿಂದೆ ಕೈಯಿಟ್ಟು ಅವಳ ಮುಖವನ್ನು ಕಾರಿನ ಬಾನೆಟ್ಟಿನ ತನಕ ಬಗ್ಗಿಸಿದ. ಅವನಿಗೆ ಇಪ್ಪತ್ತಾರು, ಅವಳಿಗೆ ಐವತ್ತು ದಾಟಿದೆ. ಮುಖ ಕಾಣುವಷ್ಟು ಹೊಳೆಯುವ ಕಪ್ಪು ಬಣ್ಣದ ನಟ್ಟನಡುವೆ ಎರಡು ಅಂಗೈಯಗಲ ಜಾಗ ಮಾತ್ರ ಹೊಳಪು ಸತ್ತು ಬೂದುಬೂದಾಗಿತ್ತು. ಹತ್ತಿರದಿಂದ ನೋಡಿದರೆ ಗೀರುಗಳು, ಉರುಟುರುಟಾಗಿ, ಒಂದರ ಮೇಲೊಂದು. ಯಾರೋ ತಿಕ್ಕಿದ್ದಾರೆ, ಅದೂ ಜೋರಾಗಿ ತಿಕ್ಕಿದ್ದಾರೆ.

"ಕಾಣ್ತದ್ರೀ," ಎಂದಳು ಮಾನಮ್ಮ. "ಮೊದಲ ಕೈ ತಗೀರಿ."

"ಕೈ ತಗೀಬೇಕಾ? ದೋ ಸಂಡೇ ಬರಬಾದ್ ಕಿಯಾ ಮೈನೇ ಇಸ್‌ಕೇ ಪೀಛೇ! ಸಾತ್ ದಿನ್ ಪಾನಿ ನಹೀ, ಕಪಡಾ ನಹೀ, ಬೋಲಾ ಥಾ ಕಿ ನಹೀ ತೇರೇಕೋ?"

ಹೇಳಿದ್ದ. ಏಳು ದಿನ ನೀರಿಲ್ಲ, ಬಟ್ಟೆಯಿಲ್ಲ ಎಂದಿದ್ದ, ಅದರಲ್ಲಿ ಸುಳ್ಳಿಲ್ಲ. ಡೊಂಬಿವಲಿಯ ಫ್ಯಾಕ್ಟರಿ ಪ್ರದೇಶ ಎಂಐಡಿಸಿಯ ಗಾಳಿ ಎಂಥದ್ದೆಂದು ನೀಲಪುಷ್ಪ ಸೊಸೈಟಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಬೆಳಿಗ್ಗೆ ಗಾಡಿಗಳ ಮೇಲೆ ಕರಿ ಪುಡಿ, ಇನ್ನೊಂದು ಬೆಳಿಗ್ಗೆ ಹಳದಿ, ಮಳೆ ಹನಿ ಬಿದ್ದು ಒಣಗಿದ ಕಡೆ ಬಿಳಿ ಬಿಳಿ ಚುಕ್ಕೆ. ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ರಿತೇಶ್ ಹೊಸ ಗಾಡಿ ತಂದವನೇ ಇದಕ್ಕೊಂದು ಗತಿ ಕಾಣಿಸುತ್ತೇನೆಂದು ಹಟ ಹಿಡಿದ. ಮೊಬೈಲಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಪಾರ್ಕಿಂಗಿನಲ್ಲಿ ತಾನೇ ಮಾಡಿದ. ಸೋಪಿನ ನೀರಿಗೊಂದು ಬಕೆಟ್ಟು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ಟು; ಎರಡೂ ಬೆರೆತರೆ ಮರಳು ಬಣ್ಣವನ್ನು ಕೊರೆಯುತ್ತದಂತೆ. ಮೆತ್ತಗಿನ ಜೇಡಿಯ ಉಂಡೆ ಉಜ್ಜಿ ಬಣ್ಣದೊಳಗೆ ಕೂತ ಧೂಳನ್ನು ಕಿತ್ತ. ಮಷೀನು ಹಿಡಿದು ಪಾಲಿಶ್ ಹೊಡೆದ. ಕಡೆಗೆ ಬೆರಳುದ್ದದ ಬಾಟಲಿಯಿಂದ ಹನಿ ಹನಿ ಬಿಟ್ಟುಕೊಂಡು, ಧೂಳು ಕೂರದ ಹಾಗೆ ಬಣ್ಣ ಕಾಯುವ ಕೋಟಿಂಗ್ ಸವರಿದ. ಮೂಗಿಗೆ ಮಾಸ್ಕು, ಕೈಗೆ ನೀಲಿ ಗ್ಲೌಸು, ಮೊಣಕಾಲ ಕೆಳಗೆ ದಿಂಬು. ಅಷ್ಟೂ ಹೊತ್ತು ಪಂಪ್‌ಹೌಸಿನಿಂದ ನೀರು ಹೊತ್ತವಳು ಮಾನಮ್ಮ. ವಾಸನೆಗೆ ತಲೆ ತಿರುಗಿದಾಗ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು.

ಕೋಟಿಂಗ್ ಗಟ್ಟಿಯಾಗಲು ಏಳು ದಿನ ಬೇಕು, ಅಷ್ಟರೊಳಗೆ ನೀರು ತಾಗಬಾರದು, ಯಾರೂ ಮುಟ್ಟಬಾರದು ಎಂದು ಹೇಳಿ, ಗಾಜಿಗೊಂದು ಚೀಟಿಯನ್ನೂ ಅಂಟಿಸಿ, ಅವನು ದಸರೆಯ ರಜೆಗೆ ಗೆಳೆಯರ ಜೊತೆ ಗೋವಾಕ್ಕೆ ಹೋಗಿದ್ದ. ಭಾನುವಾರ ಬೆಳಿಗ್ಗೆ ಏಳಕ್ಕೆ ಈಗ ಬಂದಿಳಿದಿದ್ದಾನೆ. ಮನೆಗೂ ಹೋಗಿಲ್ಲ, ಚೀಲ ಇನ್ನೂ ಬೆನ್ನಲ್ಲೇ ಇದೆ.

"ನಾ ಈ ಗಾಡಿ ಮುಟ್ಟಿಲ್ರೀ," ಎಂದಳು ಮಾನಮ್ಮ. "ದಿನಾ ಇಪ್ಪತ್ತೆರಡು ತೊಳೀತೀನಿ. ಈ ವಾರ ಇದೊಂದು ಬಿಟ್ಟು ಇಪ್ಪತ್ತೊಂದು ತೊಳದೀನಿ. ಒಂದು ಗಾಡಿ ಕಮ್ಮಿ ಆತಲ್ಲಾ ಅಂತ ನನಗ ಖುಷಿನ ಆಗಿತ್ತು."

"ತೋ ಕಿಸ್‌ನೇ ಕಿಯಾ? ಭೂತ ಬಂದು ಮಾಡಿತಾ?"

ಮಾನಮ್ಮ ಲಿಫ್ಟಿನ ಕಡೆ ನೋಡಿದಳು. ಗದ್ದಲ ಕೇಳಿ ರಿತೇಶನ ತಾಯಿ ರತ್ನಾವತಿ ಇಳಿದು ಬಂದಿದ್ದಳು. ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು, ಹೊರಗೂ ಬಾರದೆ ಒಳಗೂ ಹೋಗದೆ, ಲಿಫ್ಟಿನ ಬಾಗಿಲಲ್ಲೇ ನಿಂತಿದ್ದಳು. ಇಬ್ಬರ ಕಣ್ಣೂ ಸೇರಿದವು. ಈಗ ಹೇಳ್ತಾಳ, ಈಗ ಹೇಳ್ತಾಳ ಎಂದು ಮಾನಮ್ಮ ಕಾದಳು. ರತ್ನಾವತಿ ದುಪಟ್ಟಾ ಸರಿಮಾಡಿಕೊಂಡಳು.

"ನಿಮ್ಮ ಅವ್ವಾರನ್ನ ಕೇಳ್ರಿ," ಎಂದುಬಿಟ್ಟಳು ಮಾನಮ್ಮ.

ಅಷ್ಟೇ. ರಿತೇಶನ ಕೈ ಅವಳ ಕಪಾಳಕ್ಕೆ ಬಿತ್ತು. ಪಾರ್ಕಿಂಗಿನ ಗೋಡೆಗಳ ನಡುವೆ ಆ ಸದ್ದು ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳಿತು. ವಾಚ್‌ಮನ್ ಗೇಟು ಬಿಟ್ಟು ಓಡಿ ಬಂದ.

"ಮೇರಿ ಮಾಂ ಕಾ ನಾಮ್ ಲೇತಿ ಹೈ? ಹರಾಮಿ ಔರತ್!" ನೀನು ಕೆಳಗೆ ಬಂದಿದ್ದೆಯಾ ಎಂದು ಅವನು ತಾಯಿಯತ್ತ ತಿರುಗಿ ಕೇಳಿದ, "ಅಮ್ಮಾ, ತೂ ಆಯೀ ಥೀ ಕ್ಯಾ ನೀಚೇ?"

"ನಾನಾ? ನಾನು ಎಂತಕ್ಕೆ ಬರ್ತೇನೆ ಮಾರಾಯಾ, ಅಷ್ಟು ಬೆಳಿಗ್ಗೆ?"

ಬೆಳಿಗ್ಗೆ ಎಂದು ಯಾರೂ ಹೇಳಿರಲಿಲ್ಲ. ಅದು ಮಾನಮ್ಮನ ಕಿವಿಗೆ ಬಿತ್ತು, ಬೇರೆ ಯಾರ ಕಿವಿಗೂ ಬೀಳಲಿಲ್ಲ. ಮೊಸರು ತಿಂದ ಮಂಗ ಮೇಕೆಯ ಮೂತಿಗೆ ಒರೆಸಿತು ಅನ್ನುತ್ತಾರಲ್ಲ, ಆ ಮೇಕೆಯೂ ಹೀಗೇ ಪಿಳಿಪಿಳಿ ನೋಡುತ್ತಾ ನಿಂತಿದ್ದೀತು.

ಆದದ್ದು ಇಷ್ಟು. ಗುರುವಾರ ಆಯುಧಪೂಜೆ. ಗಾಡಿಗೆ ಗಂಧ ಕುಂಕುಮ ಏನೂ ಹಚ್ಚಬೇಡ, ಬೇಕಾದರೆ ಚಕ್ರದ ಕೆಳಗೆ ಲಿಂಬೆಹಣ್ಣು ಇಡು ಎಂದು ಮಗ ಗೋವಾದಿಂದ ಎರಡು ಸಲ ಫೋನ್ ಮಾಡಿ ಹೇಳಿದ್ದ. ಆದರೆ ಉಡುಪಿ ಕಡೆಯ ಹೆಂಗಸು, ಗಂಡನ ಹೋಟೆಲಿನ ಗ್ರೈಂಡರಿಗೂ ಗಲ್ಲಾಪೆಟ್ಟಿಗೆಗೂ ಹೂವು ಏರಿಸುವ ದಿನ ಹೊಸ ಗಾಡಿಯನ್ನು ಬೋಳಾಗಿ ಬಿಡುವುದುಂಟೆ? ಅರಿಸಿನ ಕುಂಕುಮ ಕಲಸಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದಳು, ಅದರ ಕೆಳಗೆ ಗಂಧದ ಮೂರು ಗೆರೆ. ಸಂಜೆ ಒರೆಸಿದರೆ ಹೋದೀತು ಎಂದುಕೊಂಡಿದ್ದಳು. ಹಸಿ ಕೋಟಿಂಗ್ ಅರಿಸಿನವನ್ನು ಕುಡಿದುಬಿಟ್ಟಿತ್ತು. ಒರೆಸಿದಷ್ಟೂ ಹಳದಿ ಹರಡಿತು.

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಮಾನಮ್ಮ ಮೂರನೇ ಗಾಡಿಯ ಗಾಜು ಒರೆಸುತ್ತಿದ್ದಳು. ರತ್ನಾವತಿ ಮೆಟ್ಟಿಲಿಳಿದು ಬಂದಳು. ಒಂದು ಕೈಯಲ್ಲಿ ಚೆಂಬು, ಇನ್ನೊಂದರಲ್ಲಿ ತೆಂಗಿನ ನಾರು. ಚೆಂಬಿನಲ್ಲಿ ಹುಣಸೆಹುಳಿ ಕಿವುಚಿ ಅಗರಬತ್ತಿಯ ಬೂದಿ ಕಲಸಿಕೊಂಡು ಬಂದಿದ್ದಳು. ಆಕೆಯ ತವರಿನಲ್ಲಿ ಕಾಲುದೀಪಗಳನ್ನು ಹೀಗೇ ಬೆಳಗುತ್ತಿದ್ದರು, ಚಿನ್ನದ ಹಾಗೆ ಆಗುತ್ತಿದ್ದವು.

"ಬ್ಯಾಡ್ರೀ ಅಮ್ಮಾರ!" ಮಾನಮ್ಮ ಬಟ್ಟೆ ಬಿಟ್ಟು ಓಡಿದ್ದಳು. "ನಾರು ಹಚ್ಚಬ್ಯಾಡ್ರಿ, ಬಣ್ಣ ಕೆತ್ತಿ ಹೋಗ್ತದ!"

"ನನಗೆ ಗೊತ್ತುಂಟು. ನಲವತ್ತು ವರ್ಷ ಹಿತ್ತಾಳೆ ಬೆಳಗಿದವಳು ನಾನು."

"ಇದು ಹಿತ್ತಾಳಿ ಅಲ್ರೀ ನಮ್ಮವ್ವ. ತಡೀರಿ, ನಾ ಮೆತ್ತನ ಅರಿವಿ ತರ್ತೀನಿ, ಮೆಲ್ಲಕ..."

"ಏ ಏ ಏ! ದೂರ ದೂರ. ಪೂಜೆಗೆ ಕೂತ ಗಾಡಿ ಇದು, ಇವತ್ತು ಮಂಗಳಾರತಿ ಆಗ್ಲಿಕ್ಕುಂಟು ಇನ್ನೂ. ನೀನು ಮುಟ್ಟುದು ಬೇಡ. ಒಂದು ಬಕೆಟ್ ನೀರು ತಂದು ಅಲ್ಲಿಟ್ಟು ಹೋಗು."

ಮಾನಮ್ಮ ನೀರು ತಂದಳು. ನಾಲ್ಕು ಮಾರು ದೂರದಲ್ಲಿಟ್ಟು ಹಿಂದೆ ಸರಿದು ನಿಂತಳು. ವರ್ಷವಿಡೀ ಆ ಮನೆಯ ಹಳೆಯ ಗಾಡಿಯನ್ನು ಅಂಗುಲಂಗುಲ ಮುಟ್ಟಿ ತೊಳೆದವಳು ಅವಳೇ. ಕಾಗೆ ಹಿಕ್ಕೆ ಒರೆಸಿದವಳು, ಸೀಟಿನ ಮೇಲೆ ವಾಂತಿಯಾದಾಗ ಬಳಿದವಳು ಅವಳೇ. ಆಗೆಲ್ಲ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ರತ್ನಾವತಿ ಗಸಗಸ ತಿಕ್ಕಿದಳು. ಹಳದಿ ಹೋಯಿತು. ಹೊಳಪೂ ಹೋಯಿತು.

"ಒಣಗಿದ್ರೆ ಸರಿ ಆಗ್ತದೆ, ಅಲ್ವಾ?" ಆಕೆಯ ದನಿ ಸಣ್ಣಗಾಗಿತ್ತು.

"ಆಗಂಗಿಲ್ರೀ," ಎಂದಿದ್ದಳು ಮಾನಮ್ಮ.

ಈಗ, ಭಾನುವಾರ, ಸೊಸೈಟಿಯ ಸೆಕ್ರೆಟರಿ ಸಾಹೇಬರು ಬರ್ಮುಡಾ ಚಡ್ಡಿಯಲ್ಲೇ ಇಳಿದು ಬಂದು ವಾಚ್‌ಮನ್ ಕ್ಯಾಬಿನ್ನಿನಲ್ಲಿ ಕೂತು ಕ್ಯಾಮೆರಾದ ಫುಟೇಜ್ ತಿರುಗಿಸಿದರು. ಕ್ಯಾಮೆರಾ ಗೇಟಿನ ಕಡೆಯದು. ಗಾಡಿಯ ಮೂತಿ ಕಂಬದ ಆಚೆ, ಮೆಟ್ಟಿಲಿನ ಬಾಗಿಲೂ ಕಂಬದ ಆಚೆ. ಈಚೆ ಕಂಡದ್ದು ಒಂದೇ: ಶುಕ್ರವಾರ ಐದೂ ಐವತ್ತಕ್ಕೆ ಮಾನಮ್ಮ ಬಕೆಟ್ ಹಿಡಿದು ಆ ಗಾಡಿಯ ಕಡೆ ಹೋಗುತ್ತಾಳೆ, ಬರಿಗೈಯಲ್ಲಿ ಹಿಂದೆ ಸರಿಯುತ್ತಾಳೆ.

"ಹೀಚ ಆಹೇ ಬಘಾ," ಎಂದರು ಸೆಕ್ರೆಟರಿ. ಇವಳೇ ನೋಡಿ. "ಬಾಲ್ಟಿ ಘೇವೂನ ಗೇಲಿ. ಖೋಟಂ ಬೋಲತೇ ಸಾಲಿ." ಬಕೆಟ್ಟು ಹಿಡಿದು ಹೋಗಿದ್ದಾಳೆ, ಸುಳ್ಳು ಬೊಗಳುತ್ತಾಳೆ.

"ನೀರು ಇಟ್ಟು ಬಂದೀನ್ರೀ ಅಷ್ಟ. ಕೇಳಿದ್ರು, ಕೊಟ್ಟೀನಿ."

"ಯಾರು ಕೇಳಿದ್ರು?" ಸೆಕ್ರೆಟರಿಗೂ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅಜ್ಜಿ ನಿಪ್ಪಾಣಿಯವಳು.

ಮಾನಮ್ಮ ಮತ್ತೆ ರತ್ನಾವತಿಯತ್ತ ಬೆರಳು ಮಾಡಿದಳು. ರಿತೇಶ್ ಮತ್ತೆ ಕೈ ಎತ್ತಿದ. ಈ ಸಲ ವಾಚ್‌ಮನ್ ಅಡ್ಡ ಬಂದ, ಪುಣ್ಯಾತ್ಮ.

ನೀಲಪುಷ್ಪ ಸೊಸೈಟಿಯಲ್ಲಿ ಎರಡು ವರ್ಷದಿಂದ ಒಂದು ಪದ್ಧತಿ ಬೆಳೆದಿತ್ತು. ಕೆಲಸದವರು ತಪ್ಪು ಮಾಡಿದರೆ ಪೊಲೀಸು ಗಿಲೀಸು ಇಲ್ಲ. ಕೈ ಮುಗಿಸಿ ನಿಲ್ಲಿಸಿ ಮಾಫಿ ವೀಡಿಯೊ ತೆಗೆಯುವುದು, ಸೊಸೈಟಿಯ ಗ್ರೂಪಿಗೆ ಹಾಕುವುದು. ಮಾವಿನಹಣ್ಣು ಕದ್ದಳೆಂದು ಎ ವಿಂಗಿನಲ್ಲಿ ಪಾತ್ರೆ ತೊಳೆಯುವ ಬಾಂಡೆವಾಲಿಯದು ತೆಗೆದಿದ್ದರು. ಲಿಫ್ಟಿನಲ್ಲಿ ಉಗುಳಿದನೆಂದು ಹಾಲಿನವನದು. ವೀಡಿಯೊ ಒಂದು ಗ್ರೂಪಿನಲ್ಲಿ ನಿಲ್ಲುತ್ತದೆಯೇ? ಪಕ್ಕದ ಸೊಸೈಟಿಗೆ, ಅದರ ಪಕ್ಕದ್ದಕ್ಕೆ, ಕಲ್ಯಾಣದ ತನಕ ಹೋಯಿತು. ಬಾಂಡೆವಾಲಿಗೆ ಆಮೇಲೆ ಯಾವ ಗೇಟೂ ತೆರೆಯಲಿಲ್ಲ. ಅವಳು ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ.

"ಅಕ್ರಾ ವಾಜತಾ ಕಮಿಟಿ ಬರುತ್ತೆ," ಎಂದರು ಸೆಕ್ರೆಟರಿ. ಮಾನಮ್ಮನ ಕೊರಳಿನಿಂದ ಗೇಟ್ ಪಾಸನ್ನು ದಾರದ ಸಮೇತ ಎಳೆದುಕೊಂಡರು. "ಹನ್ನೊಂದಕ್ಕೆ ಎಲ್ಲರ ಮುಂದೆ ಮಾಫಿ ಕೇಳು, ಪಾಸ್ ತೊಗೊ. ಕೇಳಲ್ಲ ಅಂದ್ರೆ ನೀನೂ ಬೇಡ, ನಿಮ್ಮ ವಸ್ತಿಯ ಒಬ್ಬ ಕೆಲಸದ ಬಾಈನೂ ಬೇಡ. ಗೇಟ್ ಬಂದ್."

ಆ ಪಾಸು ಹೋದರೆ ಏನು ಹೋಗುತ್ತದೆಂದು ಮಾನಮ್ಮನಿಗೆ ಬೆರಳು ಮಡಿಸಿ ಹೇಳಬೇಕಿರಲಿಲ್ಲ. ನಾಲೆಯ ಪಕ್ಕದ ಆ ಕೊಳೆಗೇರಿ ವಸ್ತಿಯ ಖೋಲಿಯಲ್ಲಿ ಗಂಡ ಮಾಪಣ್ಣ ಗೋಡೆಗೆ ಒರಗಿ ಕೂತಿದ್ದಾನೆ. ಮಲಗಿದರೆ ಉಸಿರು ಬರುವುದಿಲ್ಲ. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪಿನ ಔಷಧಿ ತಿಂಗಳಿಗೆ ಎರಡು ಬೇಕು.

ಪಂಪ್‌ಹೌಸಿನ ಹಿಂದೆ ದಾನಮ್ಮ ಕಾಯುತ್ತಿದ್ದಳು. ಅದೇ ವಸ್ತಿಯವಳು, ಮಾನಮ್ಮನ ಹಾಗೇ ಶಹಾಪುರ ಕಡೆಯವಳು, ಬಿ ವಿಂಗಿನ ಹದಿನೈದು ಗಾಡಿ ಅವಳ ಪಾಲಿಗೆ. ಅಂದಿನ ಕೆಲಸ ಮುಗಿಸಿ ಬಕೆಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಹೇಳಿ ಬಿಡಬೇ ಯಕ್ಕಾ," ಎಂದಳು. "ಬಾಯಿಮಾತು. ಗಲತಿ ಹೋ ಗಯಿ ಅಂದ್ರ ಮುಗೀತು."

"ಮಾಡಲಾರದ್ದು ಮಾಡೀನಿ ಅಂತ ಹ್ಯಾಂಗ ಅನ್ಲೇ?"

"ಅಂದ್ರ ನಾಲಿಗಿ ಸವೀತದೇನ? ಹನ್ನೊಂದು ಮಂದಿ ಹೆಣ್ಮಕ್ಕಳು ಅದೀವಿ ನಾವು ಈ ಗೇಟಿನಾಗ. ನಿನ್ನ ಸಲುವಾಗಿ ಹನ್ನೊಂದು ಒಲಿ ಆರಸ್ತೀಯೇನ? ಆ ಹಾಟ್ಯಾ ಸೆಕ್ರೆಟ್ರಿ ಅಂದಂಗ ಮಾಡಂವ ಅದಾನ. ಬಡವರ ಸಿಟ್ಟು ದವಡಿಗೆ ಮೂಲ. ಸುಮ್ಕ ಕೈ ಮುಗಿ."

"ತಿಕ್ಕಿದ್ದು ಆ ಹೆಂಗಸು, ದಾನೀ. ಕಣ್ಣಾರೆ ನೋಡೀನಿ. ನನ್ನ ಮುಟ್ಟಬ್ಯಾಡ ಅಂದು ತಾನ ತಿಕ್ಕ್ಯಾಳ."

"ತಿಕ್ಲಿ, ಅಕಿ ಗಾಡಿ ಅಕಿ ಮುಕಳಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗಿ ಬರಿ ಎಳೀತಾರ. ನಾವು ಎಮ್ಮಿ. ಇದೇನ್ ಇವತ್ತಿಂದ?"

ಮಾನಮ್ಮ ಅವಳ ಪಕ್ಕ ಕೂತಳು. ಕೆನ್ನೆ ಇನ್ನೂ ಉರಿಯುತ್ತಿತ್ತು. "ನಮ್ಮ ಮನಿಯಾಂವನೂ ಹಿಂಗ ಬಾಯಿಮಾತು ಅಂದಿದ್ದ," ಎಂದಳು.

ವಸ್ತಿಯಲ್ಲಿ ಆ ಕಥೆ ಎಲ್ಲರಿಗೂ ಗೊತ್ತು. ಮಾಪಣ್ಣ ಬಣ್ಣದ ಫ್ಯಾಕ್ಟರಿಯೊಂದರಲ್ಲಿದ್ದ. ಒಂದು ದಿನ ಡ್ರಮ್ಮು ಸೋರಿ ಕೈಮೇಲೆ ಬಿತ್ತು, ಹೊಗೆ ಎದೆಯೊಳಗೆ ಹೋಯಿತು. ಸೂಪರ್‌ವೈಸರ್ ಆಸ್ಪತ್ರೆಗೇ ಕಾಗದ ತಂದ. ಗ್ಲೌಸು ಕೊಟ್ಟಿದ್ದರು, ನಾನೇ ಹಾಕಿಕೊಳ್ಳಲಿಲ್ಲ, ತಪ್ಪು ನನ್ನದು ಎಂದು ಬರೆದಿತ್ತು. ಆ ಫ್ಯಾಕ್ಟರಿಯಲ್ಲಿ ಯಾರೂ ಗ್ಲೌಸು ಕಂಡಿರಲಿಲ್ಲ. ಹೆಬ್ಬೆಟ್ಟು ಒತ್ತು, ಕೆಲಸ ಉಳಿಯುತ್ತದೆ ಎಂದ. ಮಾಪಣ್ಣ ಸುಟ್ಟ ಕೈಯ ಬ್ಯಾಂಡೇಜು ಬಿಚ್ಚಿ ಹೆಬ್ಬೆಟ್ಟು ಒತ್ತಿದ. ಎಂಟು ದಿನ ಬಿಟ್ಟು, ತಪ್ಪು ಒಪ್ಪಿಕೊಂಡವನನ್ನು ಕೆಲಸದಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂದು ಹೊರಗೆ ಹಾಕಿದರು.

"ಅವನ ಕೈಲೆ ಅವನ ಮ್ಯಾಲ ಬರಸಿಕೊಂಡ್ರು," ಎಂದಳು ಮಾನಮ್ಮ. "ಈಗ ನನ್ನ ಬಾಯಿಲೆ ನನ್ನ ಮ್ಯಾಲ ಹೇಳಸ್ತಾರ. ಪಾಸ್ ಕೊಡ್ತಾರ, ಹೌದು. ಎಷ್ಟು ದಿನಕ್ಕ?"

ದಾನಮ್ಮನಿಗೆ ಅಳು ಬಂತು. "ನನ್ನ ಮಗಳ ಸಾಲಿ ಫೀಸು ಬಾಕಿ ಅದ ಯಕ್ಕಾ," ಎಂದಳು. ಮಾನಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಹೇಳಿಬಿಡೋಣ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ಕೈ ಮುಗಿದರೆ ಮುಗಿದುಹೋಗುತ್ತದೆ, ಮಧ್ಯಾಹ್ನಕ್ಕೆ ಮನೆಗೆ ಹೋಗಿ ರೊಟ್ಟಿ ಬಡಿಯಬಹುದು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ವಸಂತಕುಮಾರ ಬಂದ. ರತ್ನಾವತಿಯ ಗಂಡ, ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟು ಮೂವತ್ತು ವರ್ಷವಾದ ಮನುಷ್ಯ, ಯಾರ ಮೇಲೂ ದನಿ ಏರಿಸಿದವನಲ್ಲ. ಕೈಯಲ್ಲಿ ಕಾಗದದ ಲೋಟದ ಚಹಾ ಇತ್ತು. ಅವನನ್ನು ಕಂಡು ದಾನಮ್ಮ ಎದ್ದು ದೂರ ಹೋದಳು.

"ಕುಡಿ ಮಾನಮ್ಮ. ಬೆಳಿಗ್ಗೆಯಿಂದ ಎಂತ ಸಹ ತಿನ್ಲಿಲ್ಲ ನೀನು."

ಅವಳು ಲೋಟ ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಪಂಪಿನ ಕಟ್ಟೆಯ ಮೇಲಿಟ್ಟ.

"ನನಗೆ ಗೊತ್ತುಂಟು," ಎಂದ, ಅತ್ತಿತ್ತ ನೋಡಿ. "ನಾರು ಬಾಲ್ಕನಿಯಲ್ಲಿ ಇತ್ತು. ಕಪ್ಪು ಹಿಡಿದಿತ್ತು. ನಾನೇ ಬಿಸಾಡಿದೆ ಈಗ."

ಮಾನಮ್ಮ ದಿಗ್ಗನೆ ಎದ್ದಳು. "ಗೊತ್ತದಲ್ಲರೀ ಮತ್ತ! ಹೇಳ್ರಿ ಹೋಗಿ ನಿಮ್ಮ ಮಗಗ!"

"ಹಾಗೆಲ್ಲ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಅವನ ಸಿಟ್ಟು ನಿನಗೆ ಗೊತ್ತಿಲ್ವಾ? ಅವಳ ಹತ್ರ ಮಾತು ಬಿಡ್ತಾನೆ. ಮೊದಲೇ ಅವಳಿಗೆ ಬಿ.ಪಿ. ಉಂಟು. ಮನೆ ಮಾತು, ನಾಲ್ಕು ಜನರ ಮುಂದೆ ಯಾಕೆ? ನಾವೆಲ್ಲ ಕನ್ನಡದವರು. ನಮ್ಮವಳು ಅಂತಲೇ ಅಲ್ವಾ ನಿನ್ನನ್ನು ಇಟ್ಟುಕೊಂಡದ್ದು?"

"ನಿಮ್ಮವಳಾ?"

"ಮತ್ತೆ? ನೋಡು, ನೀನು ಒಂದು ಮಾತು ಹೇಳು, ಪಾಸು ಕೊಡಿಸುದು ನನ್ನ ಜವಾಬ್ದಾರಿ. ಬೇರೆ ಕಡೆ ಗಾಡಿ ಹೋದ್ರೆ ಸಹ ಚಿಂತೆ ಇಲ್ಲ. ನನ್ನ ಹೋಟೆಲಲ್ಲಿ ಪಾತ್ರೆ ತೊಳಿಲಿಕ್ಕೆ ಬಾ. ಅಡಿಗೆಕೋಣೆ ಒಳಗೆ ಅಲ್ಲ ಮತ್ತೆ, ಹಿಂದೆ ತೊಟ್ಟಿ ಉಂಟಲ್ಲ, ಅಲ್ಲಿ."

ಕೊನೆಯ ಮಾತನ್ನು ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗಿರಾಕಿಗೆ ಬಿಲ್ಲಿನ ಜೊತೆ ಸೋಂಪು ಕೊಡುವಷ್ಟು ಸಹಜವಾಗಿ ಬಂದಿತ್ತು. ಮಾನಮ್ಮ ಅವನ ಮುಖವನ್ನೇ ನೋಡಿದಳು.

"ಸೇಠ್ರ, ನಿಮ್ಮ ಮಗ ಎಲ್ಲಾರ ಮುಂದ ನನ್ನ ಕಪಾಳಕ್ಕ ಹೊಡದಾನ. ಅದಕ್ಕೇನಂತೀರಿ?"

"ಅದು ಸಿಟ್ಟಲ್ಲಿ ಆದದ್ದು. ಅವನ ಪರವಾಗಿ ನಾನು ಮಾಫಿ ಕೇಳ್ತೇನೆ, ಆಯ್ತಾ?"

"ಇಲ್ಲಿ ಯಾರೂ ಇಲ್ಲ, ಅದಕ್ಕ ಕೇಳ್ತೀರಿ. ಅಲ್ಲಿ ವೀಡ್ಯೋದಾಗ ಕೇಳ್ತೀರೇನ್ರೀ?"

ವಸಂತಕುಮಾರ ವಾಚು ನೋಡಿಕೊಂಡ. "ಹನ್ನೊಂದಾಯ್ತು, ಬಾ," ಎಂದ. ಚಹಾದ ಲೋಟ ಕಟ್ಟೆಯ ಮೇಲೇ ಉಳಿಯಿತು.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಮಿಟಿಯ ಐದು ಜನ ಕೂತಿದ್ದರು. ಭಾನುವಾರವಲ್ಲವೆ, ಮೇಲಿನ ಬಾಲ್ಕನಿಗಳಿಂದಲೂ ಜನ ಬಗ್ಗಿ ನೋಡುತ್ತಿದ್ದರು. ದಾನಮ್ಮ ಮತ್ತು ಉಳಿದ ಹೆಂಗಸರು ತಂತಮ್ಮ ಬಕೆಟ್ಟು ಹಿಡಿದು ಗೇಟಿನ ಹತ್ತಿರ ಗುಂಪಾಗಿ ನಿಂತಿದ್ದರು. ಪಾಸು ಸೆಕ್ರೆಟರಿಯ ಬೆರಳಿನಲ್ಲಿ ನೇತಾಡುತ್ತಿತ್ತು.

ರಿತೇಶ್ ಮಾನಮ್ಮನನ್ನು ಬಾನೆಟ್ಟಿನ ಪಕ್ಕ ನಿಲ್ಲಿಸಿದ. ಕಲೆಯೂ ಕಾಣಬೇಕು, ಮುಖವೂ ಕಾಣಬೇಕು. ಎರಡು ಹೆಜ್ಜೆ ಹಿಂದೆ ಹೋಗಿ ಫೋನನ್ನು ಅಡ್ಡ ಹಿಡಿದ.

"ಹಾಥ್ ಜೋಡ್. ಪಲ್ಲೂ ಹಟಾ ಮೂಹ್ ಸೇ. ಬೋಲ್, ಮೇರಾ ನಾಮ್ ಯೇ ಹೈ, ಮೈನೇ ಗಂದಾ ಕಪಡಾ ಮಾರ್‌ಕೇ ಸಾಬ್ ಕಾ ಗಾಡಿ ಖರಾಬ್ ಕಿಯಾ, ಮುಝೇ ಮಾಫ್ ಕರೋ." ಕೊಳಕು ಬಟ್ಟೆ ಹಾಕಿ ಸಾಹೇಬರ ಗಾಡಿ ಕೆಡಿಸಿದೆ ಅನ್ನಬೇಕಂತೆ.

ಮಾನಮ್ಮ ಸೆರಗು ಸರಿಸಿದಳು. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಕೈ ಅರ್ಧ ಮೇಲೆ ಬಂತು.

"ಮೇರಾ ನಾಮ್ ಮಾನಮ್ಮ," ಎಂದಳು. ಗೇಟಿನ ಹತ್ತಿರ ದಾನಮ್ಮ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ಹೇಳು, ಹೇಳು, ಹೇಳು.

"ಆಗೇ ಬೋಲ್!"

ಮಾನಮ್ಮ ರತ್ನಾವತಿಯತ್ತ ತಿರುಗಿದಳು. ಆಕೆ ಗಂಡನ ಪಕ್ಕದಲ್ಲಿ, ಈಗ ಸೀರೆ ಉಟ್ಟುಕೊಂಡು ನಿಂತಿದ್ದಳು.

"ಅಮ್ಮಾರ, ನೀವ ಹೇಳ್ರಿ. ಒಂದ ಮಾತು. ನಾ ನಿಮ್ಮ ಮ್ಯಾಲ ಸಿಟ್ಟಾಗಂಗಿಲ್ಲ. ಹೆಂಗಸ್ರಿಗಿ ತಪ್ಪು ಆಗ್ತದ. ಹೇಳ್ರಿ."

ರತ್ನಾವತಿಯ ಕಣ್ಣಲ್ಲಿ ನೀರು ತುಂಬಿತು. ಬಾಯಿ ತೆರೆದಳು. ಖರೆ ಹೇಳಬೇಕೆಂದರೆ, ಆ ಗಳಿಗೆ ಆಕೆ ಹೇಳಿಯೇ ಬಿಡುತ್ತಿದ್ದಳು.

"ಈ ಮನಿಪಂದೆ ಉಂತು," ಎಂದ ವಸಂತಕುಮಾರ ತುಳುವಿನಲ್ಲಿ, ತುಟಿ ಅಲುಗದ ಹಾಗೆ. ನೀನು ಮಾತಾಡದೆ ನಿಲ್ಲು.

ರತ್ನಾವತಿ ಬಾಯಿ ಮುಚ್ಚಿ ನೆಲ ನೋಡಿದಳು.

"ಡ್ರಾಮಾ ಬಂದ್ ಕರ್!" ರಿತೇಶ್ ಕಿರುಚಿದ. "ಫಿರ್ ಸೇ! ಹಾಥ್ ಊಪರ್!"

"ಪಾಸ್ ಬೇಕಾ ಬೇಡವಾ?" ಸೆಕ್ರೆಟರಿ ಪಾಸನ್ನು ಅಲ್ಲಾಡಿಸಿದರು. "ಆ ಕೆಲಸದ ಬಾಈಗಳದ್ದೂ ಈಗಲೇ ಕಿತ್ತುಕೊಳ್ಳಲಾ?"

ಮಾನಮ್ಮ ಕೈ ಇಳಿಸಿದಳು. ಗೇಟಿನ ಕಡೆ ನಡೆದಳು. ಹೊರಟೇ ಹೋದಳು ಎಂದುಕೊಂಡು ಕಮಿಟಿಯವರಲ್ಲಿ ಒಬ್ಬರು ಎದ್ದು ನಿಂತರು. ಅವಳು ದಾನಮ್ಮನ ಎದುರು ನಿಂತು ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

"ನನ್ನ ಬೈಕೊ ದಾನೀ," ಎಂದಳು ಮೆಲ್ಲಗೆ. "ಮನಿಗಿ ಬಂದು ಚಪ್ಪಲಿಲೆ ಹೊಡಿ ಬೇಕಾದ್ರ."

ಹದಿನೈದು ಗಾಡಿ ತೊಳೆದ ನೀರು ಅದು. ಗಾಡಿಯ ಹತ್ತಿರ ಬಂದು ನೀರನ್ನು ನೆಲಕ್ಕೆ ಸುರಿದಳು. ಕಮಿಟಿಯವರು ಚಪ್ಪಲಿ ನೆನೆಯದಂತೆ ಕಾಲು ಎತ್ತಿಕೊಂಡರು. ತಳದಲ್ಲಿ ಉಳಿದದ್ದು ರಾಡಿ: ರಸ್ತೆಯ ಮರಳು, ಬ್ರೇಕಿನ ಕಬ್ಬಿಣದ ಚೂರು, ಫ್ಯಾಕ್ಟರಿಗಳ ಕರಿ ಪುಡಿ. ಇದೊಂದು ಬಣ್ಣಕ್ಕೆ ತಾಗಬಾರದೆಂದು ದಿನಾ ಸೊಂಟ ಮುರಿದುಕೊಳ್ಳುವವಳು ಅವಳು. ಬಾಚಿ ಬಾಚಿ ಅಂಗೈ ತುಂಬ ತುಂಬಿಕೊಂಡಳು.

"ಏ! ಗಾಡಿಕೋ ಹಾಥ್ ಮತ್ ಲಗಾ!" ರಿತೇಶನಿಗೆ ಅವಳು ಏನು ಮಾಡುತ್ತಾಳೆಂದು ಇನ್ನೂ ಹೊಳೆದಿರಲಿಲ್ಲ. ತೊಳೆಯಲು ಬಂದಳೆಂದುಕೊಂಡ.

ಮಾನಮ್ಮ ಹೆಡ್‌ಲೈಟಿನ ಪಕ್ಕ ಅಂಗೈ ಊರಿದಳು. ಮೈಭಾರವನ್ನೆಲ್ಲ ಆ ಕೈಗೆ ಕೊಟ್ಟು ಹಿಂದಕ್ಕೆ ನಡೆದಳು. ಮುಂದಿನ ಬಾಗಿಲು, ಹಿಂದಿನ ಬಾಗಿಲು, ಪೆಟ್ರೋಲ್ ಮುಚ್ಚಳ, ಹಿಂದಿನ ದೀಪ. ಕರಕರ ಸದ್ದು ಮೂರನೇ ಮಹಡಿಗೂ ಕೇಳಿತು. ಅಂಗೈಯಗಲದ ಬಿಳಿ ಪಟ್ಟೆ ಈ ತುದಿಯಿಂದ ಆ ತುದಿಗೆ ಬಿತ್ತು. ಅವಳು ಅಲ್ಲಿಂದ ತಿರುಗಿ, ಫೋನಿನ ಎದುರಿಗೆ ಬಂದು ನಿಂತಳು. ಫೋನು ಹಿಡಿದ ಕೈ ಇಳಿಸುವುದು ರಿತೇಶನಿಗೆ ಮರೆತುಹೋಗಿತ್ತು.

"ಅದು ನಂದಲ್ಲ," ಎಂದಳು, ಬಾನೆಟ್ಟಿನತ್ತ ಬೆರಳು ಮಾಡಿ. "ಸುಳ್ಳು ಹೇಳಂಗಿಲ್ಲ ನಾ. ಇದು ನಂದು. ನಾ ಮಾನಮ್ಮ, ಮಾಪಣ್ಣನ ಹೇಣ್ತಿ. ಇದನ್ನ ನಾ ಮಾಡೀನಿ, ನನ್ನ ಕೈಲೆ ಮಾಡೀನಿ. ಛಂದಂಗ ತಗೀ ವೀಡ್ಯೋ. ಎಲ್ಲಾ ಗ್ರೂಪಿಗೂ ಹಾಕು. ಮಾಫಿ ಕೇಳಂಗಿಲ್ಲ."

ಕುರ್ಚಿಗಳು ಉರುಳಿದವು. ಸೆಕ್ರೆಟರಿ ವಾಚ್‌ಮನ್‌ನನ್ನು ಕೂಗಿದರು. ವಾಚ್‌ಮನ್ ಗೇಟಿನ ಹತ್ತಿರ ಹೆಂಗಸರ ಮಧ್ಯೆ ಸಿಕ್ಕಿಕೊಂಡಿದ್ದ. ದಾರಿ ಬಿಡಿ ಎಂದು ಅವನು ಹೇಳುತ್ತಿದ್ದ, ದಾನಮ್ಮ ಅವನ ಎದುರಿಗೆ ಅಳುತ್ತಾ ನಿಂತಿದ್ದಳು, ಕದಲಲಿಲ್ಲ.

ಮಾನಮ್ಮ ಮತ್ತೆ ಬಗ್ಗಿ ಬಕೆಟ್ಟಿಗೆ ಕೈ ಹಾಕಿದಳು. ಗಾಡಿಗೆ ಇನ್ನೊಂದು ಮಗ್ಗುಲೂ ಇತ್ತು.